ಬಿಸಿಲ ಪೆಟ್ಟಿಗೆಗೆ ಬಿದ್ದ ಚಿಟಿಕೆ ಕುಂಕುಮ

ದೊಡ್ಡಬಳ್ಳಾಪುರದ ಹೊರವಲಯದಲ್ಲಿರುವ ಸಂಶೋಧನಾ ಕೇಂದ್ರವೊಂದರ ತಾರಸಿ. ಆಗಷ್ಟೇ ಬೆಳಕು ಹರಿಯುತ್ತಿದೆ. ರಾಜಘಟ್ಟದ ಮುನಿಗಂಗಮ್ಮ ಗಾಜಿನ ಪೆಟ್ಟಿಗೆಗಳ ಇಬ್ಬನಿ ಒರೆಸಿ, ಒಂದೊಂದರ ಮುಚ್ಚಳ ತೆಗೆದು ಶುದ್ಧ ನೀರು ತುಂಬುತ್ತಿದ್ದಾರೆ. ಬಿಸಿಲೇರುವ ಮೊದಲು ಹನ್ನೆರಡು ಪೆಟ್ಟಿಗೆಗಳೂ ಮುಗಿಯಬೇಕು.

ಪ್ರತಿ ಪೆಟ್ಟಿಗೆಯೊಳಗೂ ಒಂದು ಫಲಕ. ಅದಕ್ಕೆ ಬಳಿದಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಲೇಪ. ವಿಜ್ಞಾನಿಗಳು ಅದನ್ನು ನ್ಯಾನೊ ಕ್ರಿಯಾವರ್ಧಕ ಎನ್ನುತ್ತಾರೆ. ಬಿಸಿಲು ಬಿದ್ದೊಡನೆ ಅದು ನೀರನ್ನು ಒಡೆಯುತ್ತದೆ, ಜಲಜನಕ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ. ಮುಂದೊಂದು ದಿನ ಬಸ್ಸು ಓಡಿಸಬಹುದಾದ ಅನಿಲ. ಫೋಟೊ ಬಂದರೆ ವಿಜ್ಞಾನಿಗಳದ್ದು ಬರುತ್ತದೆ, ಗಾಜು ತೊಳೆದವರದ್ದು ಯಾರಿಗೆ ಬೇಕು?

ಹಿಂದೆ ಇವರು ಪವರ್‌ಲೂಮ್ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಮಗ್ಗ ನಿಂತ ಮೇಲೆ ಕೆಲಸಕ್ಕಾಗಿ ಅಲೆದು ಅಲೆದು ಇಲ್ಲಿಗೆ ಬಂದರು. "ಗಾಜು ಒಡೀಬಾರ್ದು, ಒಳಗೆ ಕೊಳೆ ಇರ್ಬಾರ್ದು. ಅಷ್ಟೇಯ ನನ್ ಕೆಲ್ಸ" ಎನ್ನುತ್ತಾರೆ.

ಆಯುಧಪೂಜೆಯ ದಿನ ಮಗ್ಗಕ್ಕೆ ಕುಂಕುಮ ಇಟ್ಟು ಅಭ್ಯಾಸವಾದ ಕೈ. ಅನ್ನ ಕೊಡುವ ವಸ್ತುವಿಗೆ ಕುಂಕುಮ ಇಡದಿರುವುದುಂಟೆ? ಎಲ್ಲ ಮುಚ್ಚಳಗಳಿಗೂ ಇಟ್ಟಿದ್ದರು. ಹಬ್ಬದ ರಜೆ ಮುಗಿದ ಈ ಬೆಳಿಗ್ಗೆ ಒರೆಸಿ ಒರೆಸಿ ತೆಗೆದರು, ಕೊನೆಯದೊಂದನ್ನು ಮರೆತರು. ಮುಚ್ಚುವಾಗ ಒಣಗಿದ ಕುಂಕುಮ ನೀರಿಗೆ ಉದುರಿತು, ಮತ್ತೆ ತೊಳೆಯಲು ಹೊತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಹಣ ಹಾಕಿರುವ ಕಂಪನಿಯವರು ನೋಡಲು ಬರುತ್ತಾರೆ. ಅನಿಲ ಸಾಲದಿದ್ದರೆ ಕೇಂದ್ರಕ್ಕೆ ಬೀಗ ಎಂಬ ಮಾತಿದೆ. "ಈ ವಯಸ್ಸಲ್ಲಿ ನಂಗೆ ಇನ್ಯಾರು ಕೆಲ್ಸ ಕೊಡ್ತಾರೆ ಹೇಳಿ?" ಎನ್ನುತ್ತಾರೆ ಮುನಿಗಂಗಮ್ಮ.

ವಿಚಿತ್ರವೆಂದರೆ, ಬಿಸಿಲೇರಿದಂತೆ ಕುಂಕುಮ ಬಿದ್ದ ಪೆಟ್ಟಿಗೆಯಲ್ಲೇ ಗುಳ್ಳೆಗಳು ನಾ ಮುಂದು ತಾ ಮುಂದು ಎಂದು ಏಳುತ್ತವೆ. ತಂತ್ರಜ್ಞ ಬೈರೇಶ್ ಕುಣಿಯುವುದೊಂದು ಬಾಕಿ. "ಇದನ್ನೇ ಮುಂದಿಟ್ಟು ತೋರ್ಸೋಣ. ಗೆದ್ವಿ ಕಣಕ್ಕ."

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಆದರೆ ಮುನಿಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ವಿಜ್ಞಾನಿ ಅಕ್ಷತ ಅವರ ಮುಂದೆ ನಿಲ್ಲುತ್ತಾರೆ. "ಅದ್ರೊಳಗೆ ಕುಂಕುಮ ಬಿದ್ದೈತೆ ಮೇಡಂ. ನನ್ನಿಂದಾನೇ ಆಗಿದ್ದು."

ಅಕ್ಷತ ಅವರ ಮುಖ ಸಣ್ಣದಾಗುತ್ತದೆ. ಕುಂಕುಮದಲ್ಲಿರುವ ಅರಿಶಿನ ತಾನು ಸವೆಯುತ್ತ ಗುಳ್ಳೆ ಹೆಚ್ಚಿಸಿರಬೇಕು, ಇದು ಬರೀ ನೀರಿನದ್ದಲ್ಲ, ಅರಿಶಿನ ತೀರಿದೊಡನೆ ಈ ಅಬ್ಬರವೂ ಇಳಿಯುತ್ತದೆ ಎಂದು ಬಿಡಿಸಿ ಹೇಳುತ್ತಾರೆ. "ನಾನು ಬಯ್ಯಲ್ಲ ಮುನಿಗಂಗಮ್ಮ. ಆದ್ರೆ ಇದನ್ನ ತೋರ್ಸೋಕಾಗಲ್ಲ." ಬೈರೇಶ್ ಪೆಟ್ಟಿಗೆಯನ್ನು ಕೆಳಗಿಳಿಸುತ್ತಾನೆ.

ಬಂದವರು ಉಳಿದ ಪೆಟ್ಟಿಗೆಗಳನ್ನು ನೋಡುತ್ತಾರೆ, ತಲೆಯಾಡಿಸುತ್ತಾರೆ, ತಿಳಿಸುತ್ತೇವೆ ಎಂದು ಕಾರು ಹತ್ತುತ್ತಾರೆ. ಏನು ತಿಳಿಸುತ್ತಾರೋ ಯಾರಿಗೂ ಗೊತ್ತಿಲ್ಲ.

ಮಧ್ಯಾಹ್ನ ಮುನಿಗಂಗಮ್ಮ ಅದೇ ಪೆಟ್ಟಿಗೆಯನ್ನು ತೊಳೆಯುತ್ತಿದ್ದಾರೆ. "ಕೆಲ್ಸ ಹೋದ್ರೆ ಹೋಗ್ಲಿ ಅನ್ನೋವಷ್ಟು ಧೈರ್ಯ ನಂಗಿಲ್ಲ, ಭಯ ಆಯ್ತದೆ" ಎನ್ನುತ್ತಾರೆ. ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. "ಆದ್ರೂ ಅವ್ರು ನೋಡ್ಕೊಂಡ್ ಹೋಗಿದ್ದು ಬರೀ ನೀರಿನ ಗುಳ್ಳೆ. ನಾನ್ ತುಂಬಿದ್ ನೀರು."