ಮೂಲಂಗಿ ಸೊಪ್ಪಿನ ಪಾಠ

ಶ್ಯಾಮಲಾ ತೀರ್ಥಹಳ್ಳಿ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿ ಬೆಳೆದವಳು. ಹೊಸನಗರದ ಪೇಟೆಯಂಚಿನ ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದ ಮೇಲೆ ಚಿಕ್ಕ ಮಕ್ಕಳ ತರಗತಿ ಅವಳ ಪಾಲಿಗೆ ಬಿತ್ತು. ಎಂಥ ಮುದುರಿಕೊಂಡ ಮಗುವನ್ನಾದರೂ ಮಾತಿಗೆಳೆಯಬಲ್ಲೆ ಎಂಬ ಸಣ್ಣ ಹೆಮ್ಮೆ ಅವಳಿಗಿತ್ತು. ಆ ಹೆಮ್ಮೆಯನ್ನು ಇಳಿಸಿದವಳು ಬಿಪನಾ ಎಂಬ ನೇಪಾಳಿ ಹುಡುಗಿ.

ಹಳೇ ಅಕ್ಕಿ ಮಿಲ್ಲಿನ ಹಿಂದಿನ ಬಾಡಿಗೆ ಕೋಣೆಗಳಲ್ಲಿ ನೇಪಾಳದ ಕೆಲವು ಸಂಸಾರಗಳಿದ್ದವು. ಗಂಡಸರು ಹೋಟೆಲು, ಕೋಳಿ ಫಾರಂಗಳಲ್ಲಿ ದುಡಿಯುತ್ತಿದ್ದರು. ಅವರ ಮಕ್ಕಳು ಜೂನ್‌ನಲ್ಲಿ ಶಾಲೆಗೆ ಸೇರಿ, ಮಳೆಗಾಲ ಮುಗಿಯುವುದರೊಳಗೆ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿಬಿಡುತ್ತಿದ್ದರು. ಬಿಪನಾ ಮಾತ್ರ ದಿನಾ ಬರುತ್ತಿದ್ದಳು. ಆದರೆ ಬಾಯಿ ಬಿಡುತ್ತಿರಲಿಲ್ಲ. ಹೆಸರು ಕೂಗಿದರೆ ಕೈ ಎತ್ತುವಳು, ಅಷ್ಟೇ. ಪೋಷಕರ ಸಭೆಗೆ ಕನ್ನಡದಲ್ಲಿ ಚೀಟಿ ಕಳಿಸಿದರೆ ಅತ್ತ ಕಡೆಯಿಂದ ಯಾರೂ ಬರುತ್ತಿರಲಿಲ್ಲ.

"ಹೋಗ್ಲಿ ಬಿಡಿ ಮೇಡಂ, ಅವ್ರು ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ" ಎಂದರು ಹೆಡ್‌ಮಾಸ್ಟರ್ ಯೋಗರಾಜ್.

ಶ್ಯಾಮಲಾಗೆ ಬಿಡಲು ಮನಸ್ಸಾಗಲಿಲ್ಲ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನೇರ ಆ ಕೋಣೆಗಳ ಮುಂದೆ ಹೋಗಿ ನಿಂತಳು. ತನಗೆ ಬಂದಷ್ಟು ಹಿಂದಿಯಲ್ಲಿ ಮನೆಯವರ ಹೆಸರು ಕೇಳಿದಳು, ಮಕ್ಕಳ ಆಧಾರ್ ಕಾರ್ಡ್ ಇದೆಯೇ ಎಂದು ಕೇಳಿದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸೋಮವಾರ ಬಿಪನಾ ಕೂಡ ಶಾಲೆಗೆ ಬರಲಿಲ್ಲ.

ಆಗ ಅವಳಿಗೆ ಹೊಳೆಯಿತು. ಕರೆಯಲು ಹೋದವಳು ತನಿಖೆಗೆ ಬಂದವಳಂತೆ ಕಂಡಿದ್ದಳು. ಆ ವಾರವೆಲ್ಲ ಕಿಟಕಿ ಪಕ್ಕದ ಖಾಲಿ ಜಾಗ ಅವಳ ಕಣ್ಣು ಚುಚ್ಚಿತು. ಮನೆಯಲ್ಲಿ ಗಂಡ ಕುಮಾರ "ಒಳ್ಳೇದು ಮಾಡೋಕೆ ಹೋಗಿದ್ದಲ್ವಾ" ಎಂದರೂ ಸಮಾಧಾನವಾಗಲಿಲ್ಲ.

ಸಂತೆಯ ದಿನ ತರಕಾರಿ ಮಾರುವ ಕೆರಿಯಮ್ಮನ ದನಿ ಏರಿದ್ದು ಕೇಳಿ ಶ್ಯಾಮಲಾ ಅತ್ತ ತಿರುಗಿದಳು. ಕೆರಿಯಮ್ಮ ಮೂಲಂಗಿಯ ಸೊಪ್ಪು ಕತ್ತರಿಸಿ ಹಿಂದೆ ಎಸೆದಿದ್ದಳು. ಅದನ್ನು ಒಬ್ಬ ಹೆಂಗಸು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ನೋಡಿದರೆ, ಜೂನ್‌ನಲ್ಲಿ ಬಿಪನಾಳನ್ನು ಶಾಲೆಗೆ ಸೇರಿಸಲು ಬಂದಿದ್ದ ಅವಳ ತಾಯಿ, ದಿಲ್‌ಮಾಯಾ.

"ಕೇಳ್ದೆ ಮುಟ್ತಾಳಲ್ಲ ಟೀಚರಮ್ಮಾ, ನಂ ದನಕ್ಕೆ ಅಂತ ಇಟ್ಕಂಡಿದ್ದು" ಎಂದಳು ಕೆರಿಯಮ್ಮ.

"ಕೇಳೋಕೆ ಮಾತು ಬರ್ಬೇಕಲ್ಲ ಕೆರಿಯಮ್ಮಾ. ಅರ್ಧ ಅವ್ರಿಗೆ ಕೊಡು, ಅರ್ಧ ದನಕ್ಕಿರ್ಲಿ."

ಕೆರಿಯಮ್ಮ ಗೊಣಗುತ್ತಲೇ ಒಂದು ತಬ್ಬು ಸೊಪ್ಪು ಎತ್ತಿ ಕೊಟ್ಟಳು. ಏನು ಮಾಡುತ್ತೀರಿ ಇದರಲ್ಲಿ ಎಂದು ಶ್ಯಾಮಲಾ ಕೇಳಿದಳು. ಈ ಸಲ ಹೆಸರು, ಕಾರ್ಡು ಯಾವುದನ್ನೂ ಕೇಳಲಿಲ್ಲ. ದಿಲ್‌ಮಾಯಾ ಅನುಮಾನಿಸುತ್ತ, ಅರ್ಧ ಹಿಂದಿ ಅರ್ಧ ಕೈಸನ್ನೆಯಲ್ಲಿ ಹೇಳಿದಳು: ಸೊಪ್ಪನ್ನು ಹುಳಿ ಬರಿಸಿ ಒಣಗಿಸುವುದು, ಅದರ ಹೆಸರು ಗುಂದ್ರುಕ್, ತಮ್ಮೂರಲ್ಲಿ ಅದಿಲ್ಲದೆ ಚಳಿಗಾಲ ಕಳೆಯುವುದಿಲ್ಲ.

"ನಮ್ಮ ಶಾಲೆ ಮಕ್ಕಳಿಗೂ ತೋರಿಸಿಕೊಡ್ತೀರಾ? ನಿಮ್ಮ ಭಾಷೆಯಲ್ಲೇ ಹೇಳಿ" ಎಂದು ಶ್ಯಾಮಲಾ ತನ್ನ ಹಿಂದಿಯಲ್ಲಿ ಕೇಳಿದಳು. ದಿಲ್‌ಮಾಯಾ ನಕ್ಕಳು, ಹೂಂ ಅನ್ನಲಿಲ್ಲ.

ಆದರೂ ಮುಂದಿನ ಶನಿವಾರ ಶಾಲೆಗೆ ಬಂದಳು. ಜೊತೆಗೆ ಇನ್ನಿಬ್ಬರು ಹೆಂಗಸರು, ಸೆರಗಿನ ಹಿಂದೆ ಬಿಪನಾ. ಜಗಲಿಯಲ್ಲಿ ಚಾಪೆ ಹಾಸಿ, ಬಾಡಿದ ಸೊಪ್ಪು ಹರಡಿಕೊಂಡು, ಎಲ್ಲ ತರಗತಿಯ ಮಕ್ಕಳೆದುರು ದಿಲ್‌ಮಾಯಾ ನೇಪಾಳಿಯಲ್ಲಿ ಶುರುಮಾಡಿದಳು. ಮಕ್ಕಳು ಪಿಳಿಪಿಳಿ ನೋಡಿದರು. ಹಿಂದೆ ಯಾರೋ ಕಿಸಕ್ಕೆಂದರು. ದಿಲ್‌ಮಾಯಾಳ ಕೈ ನಿಂತಿತು. ಶ್ಯಾಮಲಾಳಿಗೂ ಒಂದಕ್ಷರ ಅರ್ಥವಾಗಿರಲಿಲ್ಲ. ಇದೂ ಕೆಟ್ಟಿತೇನೋ ಎಂದು ಅವಳು ಅಂದುಕೊಳ್ಳುವಾಗ ತಾಯಿಯ ಬೆನ್ನ ಹಿಂದಿನಿಂದ ಸಣ್ಣ ದನಿ ಕೇಳಿತು.

"ಅಮ್ಮ ಹೇಳ್ತದೆ, ಸೊಪ್ಪು ಬಾಡ್ಬೇಕಂತೆ. ಹಸಿ ಇದ್ರೆ ಕೊಳಿತದಂತೆ."

ಎಲ್ಲರೂ ತಿರುಗಿದರು. ಬಿಪನಾ ಮುಂದೆ ಬಂದು ನಿಂತಿದ್ದಳು. ತಾಯಿ ಒಂದು ಮಾತು ಹೇಳಿದಳು, ಮಗಳು ಅದನ್ನು ಕನ್ನಡಕ್ಕೆ ತಂದಳು. "ಜಜ್ಜಿ ಡಬ್ಬಿಗೆ ಒತ್ತಿ ತುಂಬ್ಬೇಕಂತೆ. ಗಾಳಿ ಹೋಗ್ಬಾರ್ದಂತೆ. ಏ ನವೀನ, ಸುಮ್ನೆ ಕೂತ್ಕಳಾ, ಅಮ್ಮಂಗೆ ಹೇಳಕ್ಕೆ ಬಿಡು."

ಹೊಸನಗರದ ಯಾವ ಮಗುವಿನ ಬಾಯಲ್ಲಾದರೂ ಬರುವಂಥ ಕನ್ನಡ. ಅಷ್ಟು ತಿಂಗಳೂ ಅದು ಅವಳೊಳಗೆ ಕೂಡುತ್ತಲೇ ಇತ್ತು. ಶ್ಯಾಮಲಾ ಮುಖ ತಿರುಗಿಸಿ, ಸೊಪ್ಪು ಸರಿಸುವ ನೆಪದಲ್ಲಿ ಕಣ್ಣೊರೆಸಿಕೊಂಡಳು.

ದಿಲ್‌ಮಾಯಾ ಮನೆಯಿಂದ ತಂದಿದ್ದ ಒಣ ಗುಂದ್ರುಕ್ಕಿನಲ್ಲಿ ಬಿಸಿಯೂಟದ ಜೊತೆಗೆ ಸಾರು ತಯಾರಾಯಿತು. ವಾಸನೆಗೆ ಯೋಗರಾಜ್ ಮೂಗು ಮುಚ್ಚಿಕೊಂಡರು. ಮಾವಿನಕಾಯಿಯ ಅಪ್ಪೆಹುಳಿ ಕುಡಿದು ಬೆಳೆದ ಮಕ್ಕಳು ಮಾತ್ರ ಎರಡೆರಡು ಸಲ ಹಾಕಿಸಿಕೊಂಡರು.

ಒಂದು ಸಂಸಾರ ಸಂಕ್ರಾಂತಿಗೆ ಮೊದಲೇ ಕೇರಳಕ್ಕೆ ಹೋಯಿತು, ಅದನ್ನು ತಡೆಯಲಾಗಲಿಲ್ಲ. ಉಳಿದ ಮನೆಗಳ ಮಕ್ಕಳು ಮತ್ತೆ ಬಂದರು. ಈಗ ಶನಿವಾರ ಮಧ್ಯಾಹ್ನ ಜಗಲಿಯಲ್ಲಿ ತಾಯಂದಿರು ಕೂರುತ್ತಾರೆ. ಅವರಿಗೆ ಶ್ಯಾಮಲಾ ಕನ್ನಡ ಮಾತಾಡಲು, ಬಸ್ಸಿನ ಬೋರ್ಡು ಓದಲು ಕಲಿಸುತ್ತಾಳೆ; ಅವರು ಅವಳಿಗೆ ನೇಪಾಳಿ ಕಲಿಸುತ್ತಾರೆ. "ಮೇರೋ ನಾಮ್ ಶ್ಯಾಮಲಾ ಹೋ" ಎಂದು ಅವಳು ಮೊದಲ ಸಲ ತನ್ನ ಹೆಸರು ಹೇಳಿದಾಗ ಹೆಂಗಸರು ಬಿದ್ದು ಬಿದ್ದು ನಕ್ಕರು. ಈ ವರ್ಷದ ಶಾಲಾ ಸಮಿತಿಗೆ ದಿಲ್‌ಮಾಯಾಳ ಹೆಸರು ಸೂಚಿಸಿದವರು ಯೋಗರಾಜ್. ಮೊದಲ ಸಭೆಯಲ್ಲೇ ಅವಳು ಎದ್ದು ನಿಂತು, ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಮುರಿದಿದೆ ಎಂದು ಕನ್ನಡದಲ್ಲಿ ಹೇಳಿದಳು. ಮರುದಿನವೇ ಹೊಸ ಚಿಲಕ ಬಂತು.