ನೆಲ ನಡುಗದೆ ಬಿದ್ದ ಅಜ್ಜಿ

ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸಿನ ನಮ್ಮ ಮನೆಯಲ್ಲಿ ಅಜ್ಜಿ ಆಗಾಗ ಬೀಳುತ್ತಿದ್ದಳು. ಅದಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಅಟ್ಟದ ಪಾತ್ರೆಗಳು ಉರುಳುತ್ತಿದ್ದವು. ಎಂಬತ್ತು ದಾಟಿದ ಮುದುಕಿ ಬಿದ್ದದ್ದೂ ನಡುಕಕ್ಕೇ ಎಂದುಕೊಂಡಿದ್ದೆವು. ನಮಗೆ ತಿಳಿಯದ ಸಣ್ಣ ನಡುಕವೂ ಅವಳ ಕಾಲಿಗೆ ತಿಳಿಯುತ್ತದೆ ಎಂದು ಅವಳ ಮಗ, ಗಣಿಗಿಳಿಯುವ ನನ್ನ ಸೋದರಮಾವನೇ ಹೇಳುತ್ತಿದ್ದ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಹುಣಸೆಹಣ್ಣಿನ ವ್ಯಾಪಾರದಲ್ಲಿ ನಾನು ಆಗಷ್ಟೇ ಕಾಲೂರಿದ್ದೆ. ಅಜ್ಜಿಯನ್ನು ಬಂಗಾರಪೇಟೆಯ ನೆಂಟರ ಮನೆಗೆ ಕರೆದೊಯ್ದಿದ್ದೆ. ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು ಎದ್ದು ನಿಂತು, ಮಾತಿನ ನಡುವೆಯೇ ಕುಸಿದಳು. ಅಲ್ಲಿ ಗಣಿಯಿಲ್ಲ, ನೆಲ ನಡುಗುವುದಿಲ್ಲ. ಅವಳನ್ನೆತ್ತಿಕೊಂಡು ಡಾಕ್ಟರ ಬಳಿಗೆ ಓಡಿದೆ.

ಅಲ್ಲಿನ ಡಾಕ್ಟರು ಗಡಿಯಾರ ನೋಡುತ್ತಾ ನಾಡಿ ಎಣಿಸಿದರು. ಗುಂಡಿಗೆ ತೀರಾ ನಿಧಾನ, ನಡುವೆ ನಿಂತೇಬಿಡುತ್ತದೆ, ಒಮ್ಮೆ ಮತ್ತೆ ಹೊರಡದೆಯೂ ಇರಬಹುದು ಎಂದರು. ಮದ್ರಾಸಿನಲ್ಲಿ ಪೇಸ್‌ಮೇಕರ್ ಎಂಬ ಯಂತ್ರವನ್ನು ಚರ್ಮದಡಿ ಇಟ್ಟು, ತಂತಿಯ ಮೂಲಕ ಗುಂಡಿಗೆ ಬಡಿಯುವಂತೆ ಮಾಡುತ್ತಾರೆ, ಬೇಗ ಹೋಗಿ ಎಂದರು.

ಮಾವ ಅಡ್ಡ ನಿಂತ. "ಈ ವಯಸ್ನಾಗೆ ಕುಯ್ಸಿ ಸಾಯಿಸ್ತೀಯೇನ್ಲಾ? ಮನೇಲೇ ನೆಮ್ಮದಿಯಾಗಿ ಓಗ್ಲಿ ಬಿಡು."

ಆದರೂ ಹೊರಟೆವು, ಮಾವನೂ ಗೊಣಗುತ್ತಲೇ ರೈಲು ಹತ್ತಿದ. ಮದ್ರಾಸಿನ ಡಾಕ್ಟರ ಮುಂದೆ ನಾನು ವ್ಯಾಪಾರಕ್ಕೆ ಕೂತಂತೆಯೇ ಕೂತೆ. ಮಾಲು ಕೊಳ್ಳುವಾಗ ನಾನು ಮೇಲಿನ ಪದರ ನೋಡಿ ಒಪ್ಪುವವನಲ್ಲ, ಬುಟ್ಟಿಯ ತಳಕ್ಕೆ ಕೈ ಹಾಕುತ್ತೇನೆ. ಆಸ್ಪತ್ರೆಯಲ್ಲೂ ನೀವು ಹಾಗೇ ಮಾಡಿ. ಮಾಡಿಸಿದರೆ ಏನಾದೀತು ಎಂದು ಎಲ್ಲರೂ ಕೇಳುತ್ತಾರೆ. ಮಾಡಿಸದಿದ್ದರೆ ಏನಾದೀತು ಎಂದೂ ಬಿಡದೆ ಕೇಳಿ. ತಂತಿ ಜಾರಬಹುದು, ಗಾಯ ಕೀವಾಗಬಹುದು, ಬ್ಯಾಟರಿ ಮುಗಿದರೆ ಮತ್ತೆ ಕುಯ್ಯಬೇಕು, ಇಷ್ಟು ವಯಸ್ಸಾದವರಿಗೆ ತಾವಿನ್ನೂ ಮಾಡಿಲ್ಲ ಎಂದು ಅವರು ಮುಚ್ಚಿಡದೆ ಹೇಳಿದರು. ಬಿಟ್ಟರೆ ಮುಂದಿನ ಬೀಳುವಿಕೆಯೇ ಕೊನೆಯದಾಗಬಹುದು. ವಯಸ್ಸೊಂದನ್ನೇ ನೋಡಬೇಡಿ, ಆಕೆ ಓಡಾಡುತ್ತಾರೆ, ಬುದ್ಧಿ ಚುರುಕಾಗಿದೆ ಎಂದೂ ಸೇರಿಸಿದರು. ನಾನೆಷ್ಟು ಜಗ್ಗಿದರೂ ಬದುಕುತ್ತಾರೆಂಬ ಮಾತು ಮಾತ್ರ ಕೊಡಲಿಲ್ಲ.

ಅಜ್ಜಿ ಎಲ್ಲ ಕೇಳಿಸಿಕೊಂಡಿದ್ದಳು. "ನನ್ನೊಬ್ಳುನ್ ಬಿಟ್ಟು ಊರ್ನೆಲ್ಲಾ ಕೇಳ್ದಲ್ಲೋ. ಸಾಯಾಕೆ ನಂಗೇನ್ ಬಯ? ಉರಿಯೋ ಒಲೆ ಮ್ಯಾಲೆ ಬೀಳಾಕೆ ಬಯ. ಮಾಡುಸ್ಬುಡು. ಬ್ಯಾಟ್ರಿ ಮೊದ್ಲು ಓಗ್ತದೋ ನಾನೋ, ನೋಡಾನ."

ಅವಳನ್ನು ಒಳಗೆ ಕರೆದೊಯ್ದ ಮೇಲೆ ಮಾವ ನನ್ನಿಂದ ದೂರ ಹೋಗಿ ಕೂತ. ಮುಗಿಯಿತು, ಚೆನ್ನಾಗಿದ್ದಾರೆ ಎಂದು ಡಾಕ್ಟರು ಬಂದು ಹೇಳಿದಾಗಲೂ ಅವನ ಮುಖ ಸಡಿಲಾಗಲಿಲ್ಲ. ಮಾರನೆಯ ದಿನ ನಾಡಿ ಮತ್ತೆ ಇಳಿಯಿತು. ತಂತಿ ಜಾರಿತ್ತು. ನರ್ಸುಗಳು ಮಂಚವನ್ನೇ ತಳ್ಳಿಕೊಂಡು ಓಡಿದರು. ಮುಚ್ಚಿದ ಬಾಗಿಲ ಮುಂದೆ, ಅವಳನ್ನು ಕರೆತಂದವನು ನಾನೇ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಮಾವ ನನ್ನ ಹೆಗಲ ಮೇಲೆ ಕೈಯಿಟ್ಟ. ಸಂಜೆ ಬಾಗಿಲು ತೆರೆದಾಗ ಅಜ್ಜಿ ಬಾಯಾರಿಕೆ ಎಂದು ಜಗಳ ತೆಗೆದಿದ್ದಳು.

ಊರಿಗೆ ಬಂದ ಕೆಲವು ವಾರಗಳಿಗೆ ದೊಡ್ಡದೊಂದು ನಡುಕವಾಯಿತು. ಅಟ್ಟದ ಪಾತ್ರೆಗಳು ಬಿದ್ದವು. ಅಂಥ ಹೊತ್ತಿನಲ್ಲಿ ಊರಿಗೆ ಊರೇ ಹೊರಗೆ ಬಂದು ಗಣಿಬಾವಿಯತ್ತ ನೋಡುವುದು ವಾಡಿಕೆ. ಅವತ್ತು ನಾವೆಲ್ಲ ಅಜ್ಜಿಯತ್ತ ನೋಡಿದೆವು. ಅವಳು ಬಾಗಿಲಲ್ಲಿ ನೆಟ್ಟಗೆ ನಿಂತಿದ್ದಳು.

"ನನ್ನೇನ್ ನೋಡ್ತೀರಾ?" ಎಂದಳು. "ಆ ಕಡೆ ನೋಡ್ರಲಾ. ನನ್ ಮಗ ಕೆಳಗವ್ನೆ."

ಮಾವ ಮೇಲೆ ಬರುವವರೆಗೂ ಅವಳು ಕೂರಲಿಲ್ಲ.