ಬೆನ್ನುನೋವು ಎಂದು ಟೈಪ್ ಮಾಡಿದ ಶುಕ್ರವಾರ

ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನಲ್ಲಿ ಒಂದು ಟೈಪ್‌ರೈಟರ್ ಇತ್ತು. ಆಫೀಸಿಗೆ ಹೊಸದು ಬಂದಾಗ ಹಳೆಯದನ್ನು ನನಗೆ ಕೊಟ್ಟಿದ್ದರು. ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಮ್ಮ ಕಡೆಯವರ ರಜೆಯ ಅರ್ಜಿ, ವೀಸಾದ ಅರ್ಜಿ, ಮಕ್ಕಳ ಶಾಲೆಯ ಅರ್ಜಿ ಎಲ್ಲ ನನ್ನ ಕೈಯಿಂದಲೇ ಹೋಗುತ್ತಿದ್ದವು. ನನಗೆ ಅದರ ಜಂಬವೂ ಇತ್ತು. ಅದೆಲ್ಲ ಮಣ್ಣುಪಾಲಾದದ್ದು ನನ್ನ ಸ್ವಂತ ಅಣ್ಣನ ಅರ್ಜಿಯಿಂದ.

ಅಣ್ಣ ಹದಿನಾಲ್ಕು ವರ್ಷ ಸೈನ್ಯದಲ್ಲಿದ್ದವನು. ಹಿಮದ ಠಾಣೆಯೊಂದರಿಂದ ಇಳಿದು ಬಂದ ಮೇಲೆ ಅವನಿಗೆ ಊಟ ಬೇಡ, ಮಾತು ಬೇಡ, ಬದುಕೇ ಬೇಡ. ಖಿನ್ನತೆ ಎಂದು ಬರೆದು ಮನೆಗೆ ಕಳಿಸಿದರು. ಆದರೆ ಅದು ಸೇವೆಯಿಂದ ಬಂದ ಕಾಯಿಲೆ ಅಲ್ಲವಂತೆ. ಹಾಗಾಗಿ ಅಂಗವೈಕಲ್ಯದ ಪೆನ್ಷನ್ ಇಲ್ಲ. ನಾನೇ ವೀಸಾ ಮಾಡಿಸಿ ಅವನನ್ನು ರುಸೈಲಿನ ಕಾರ್ಖಾನೆಯೊಂದಕ್ಕೆ ವಾಚ್‌ಮನ್ ಆಗಿ ಕರೆಸಿಕೊಂಡೆ. ಅಲ್ಲಿ ಗೇಟಿನ ಪಕ್ಕ ಕುರ್ಚಿಯಲ್ಲಿ ಕೂತು ಎದುರಿನ ಗೋಡೆ ನೋಡುತ್ತಿದ್ದ.

ಪೆನ್ಷನ್ನಿನ ಮೇಲ್ಮನವಿಗೆ ಇದೇ ಕೊನೆಯ ಅವಕಾಶ ಎಂದು ಊರಿನಿಂದ ಕಾಗದ ಬಂತು. ಆ ಶುಕ್ರವಾರ ಮಧ್ಯಾಹ್ನ ಅಣ್ಣ ಬಂದು ನನ್ನ ಟೈಪ್‌ರೈಟರಿನ ಎದುರು ಕೂತ.

“ಇದೊಂದು ಸಿಕ್ಕಿದ್ರೆ ಆ ಗೇಟು ಸಾಕು ಮಾರಾಯ. ಊರಲ್ಲೇ ಕೂತು ಸರಿಯಾಗಿ ಮದ್ದು ಮಾಡಿಸ್ತೇನೆ. ಇಲ್ಲಿ ಹೀಗೇ ಇದ್ರೆ ನಾನು ಉಳಿಯುವುದಿಲ್ಲ.”

ಆಮೇಲೆ ಅಮ್ಮನಿಗೂ ಹೇಳದೇ ಇದ್ದದ್ದನ್ನು ನನಗೆ ಹೇಳಿದ. ಠಾಣೆಯಲ್ಲಿ ಅವನ ಪಕ್ಕವೇ ಮಲಗಿದ್ದ ಜೊತೆಗಾರ ಒಂದು ಬೆಳಿಗ್ಗೆ ಏಳಲಿಲ್ಲ. “ಅವನ ಬೂಟು ಬಿಚ್ಚಿದ್ದು ನಾನೇ,” ಎಂದವನು ನೀರು ಕೇಳಿದ. ನಾನು ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡೆ.

ಅರ್ಜಿಗೆ ಅವನನ್ನು ಬಲ್ಲ ಇಬ್ಬರ ಸಹಿ ಬೇಕಿತ್ತು. ಮಸ್ಕತ್ತಿನಲ್ಲಿ ನಮ್ಮನ್ನು ಬಲ್ಲವರು ಎಂದರೆ ವಾರದ ರಜೆಯ ಶುಕ್ರವಾರ ಇಗರ್ಜಿಯ ಪೂಜೆಯಲ್ಲಿ ಸಿಗುವ ಹತ್ತು ಹನ್ನೆರಡು ಮನೆಯವರು, ಅಷ್ಟೇ. ಅವರಲ್ಲಿ ದೊಡ್ಡ ಹುದ್ದೆಯ ಒಬ್ಬರನ್ನು, ಸಹಿಗೆ ತೂಕ ಬರಲಿ ಎಂದು, ನಾನು ಮೊದಲೇ ಕೇಳಿಯಾಗಿತ್ತು. ನಮ್ಮ ತಂಗಿಗೆ ನೋಡುತ್ತಿದ್ದ ಹುಡುಗನ ಸೋದರಮಾವ ಅವರು. ಅವರು ಸಹಿ ಹಾಕುವ ಮೊದಲು ಓದದೆ ಬಿಡುವವರಲ್ಲ. ಖಿನ್ನತೆ, ಗಿನ್ನತೆ ಎಂದರೆ ನಮ್ಮವರಿಗೆ ಇದ್ದದ್ದು ಒಂದೇ ಶಬ್ದ, ಮರ್ಲು, ಅಂದರೆ ಹುಚ್ಚು. ಮರ್ಲು ಇರುವ ಮನೆಯಿಂದ ಹೆಣ್ಣು ತರುವವರು ಯಾರು?

ಬೇರೆಯವರ ಸಹಿ ಹಾಕಿಸಬಹುದಿತ್ತು. ಒಮ್ಮೆ ಕೇಳಿ ಆಮೇಲೆ ಇವರನ್ನು ಕೈಬಿಟ್ಟರೆ ಏನೆಂದುಕೊಂಡಾರು ಎಂದು ಹೆದರಿದೆ. ಹೇಡಿ ನಾನು. ಅಣ್ಣ ಹೋದ ಮೇಲೆ, ಸೇವೆಯಲ್ಲಿ ಭಾರ ಹೊತ್ತು ಬೆನ್ನುನೋವು ಬಂದಿದೆ ಎಂದು ಟೈಪ್ ಮಾಡಿದೆ. ಜೊತೆಗಾರನ ಸುದ್ದಿ ಇಲ್ಲ, ಮನಸ್ಸಿನ ಸುದ್ದಿ ಇಲ್ಲ. ಮುಂದಿನ ವಾರ ಅಣ್ಣ ನೋಡದೆಯೇ ಸಹಿ ಹಾಕಿದ.

“ನೀನು ಟೈಪ್ ಮಾಡಿದ ಮೇಲೆ ನಾನೆಂತ ಓದುವುದು?” ಎಂದ.

ಅಣ್ಣ ರಜೆಯಲ್ಲಿ ಊರಿಗೆ ಹೋದಾಗ ಮೆಡಿಕಲ್ ಬೋರ್ಡಿನವರು ಅವನನ್ನು ಕರೆಸಿದರು. ವಾಪಸು ಬಂದವನು ಚೀಲ ಕೆಳಗಿಡುವ ಮೊದಲೇ ಹೇಳಿದ:

“ಡಾಕ್ಟರು ಬಗ್ಗು ಅಂದ್ರು, ಬಗ್ಗಿದೆ. ಕಾಲಿನ ಬೆರಳು ಮುಟ್ಟು ಅಂದ್ರು, ಮುಟ್ಟಿದೆ. ಬೆನ್ನು ಸರಿ ಉಂಟು, ಹೋಗು ಅಂದ್ರು! ಮನಸ್ಸಿನದ್ದು ಹೇಳ್ಲಿಕ್ಕೆ ಹೋದ್ರೆ ಅರ್ಜಿಯಲ್ಲಿ ಇಲ್ಲವಂತೆ. ಆಫೀಸಿನವರು ಯಾರದ್ದೋ ಕಾಗದ ನನ್ನ ಫೈಲಿಗೆ ಸೇರಿಸಿದ್ದಾರೆ, ನೋಡು. ನೀನು ಇನ್ನೊಮ್ಮೆ ಟೈಪ್ ಮಾಡು.”

ಸೈನಿಕ ಅವನು, ಬಗ್ಗು ಎಂದರೆ ಬಗ್ಗುವವನು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಥೂ, ನನ್ನ ಜನ್ಮಕ್ಕಿಷ್ಟು! “ಖಲಾಸ್ ಅಣ್ಣ, ಇನ್ನು ಅವಕಾಶ ಇಲ್ಲ,” ಎಂದೆ. ಅವಕಾಶ ಉಂಟೋ ಇಲ್ಲವೋ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಅವನು ತಲೆಯಾಡಿಸಿ, “ಪರವಾಗಿಲ್ಲ, ನೀನು ಮಾಡುವಷ್ಟು ಮಾಡಿದ್ದಿ,” ಎಂದ. ನನಗೆ ಅಲ್ಲೇ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು.

ಮುಂದಿನ ಶುಕ್ರವಾರ ಪೂಜೆ ಮುಗಿದು ಹೊರಗೆ ಬಂದಾಗ ಹುಡುಗನ ಸೋದರಮಾವ ನಗುತ್ತಾ ಬಂದರು. ಮದುವೆಯ ದಿನ ಗೊತ್ತುಮಾಡಿದ್ದಾರಂತೆ. ನನ್ನ ಕೈ ಕುಲುಕಿದವರು ಅಣ್ಣನ ಕಡೆ ತಿರುಗಿದರು.

“ಬೆನ್ನುನೋವು ಹೇಗುಂಟು ಈಗ? ಸಹಿ ಹಾಕುವಾಗ ನಿಮ್ಮ ಅರ್ಜಿ ಓದಿದೆ. ಪಾಪ, ತುಂಬಾ ಕಷ್ಟಪಟ್ಟಿದ್ದೀರಿ.”

ಅಣ್ಣ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು, “ಅಡ್ಡಿಲ್ಲ, ಈಗ ಸ್ವಲ್ಪ ಕಡಿಮೆ ಉಂಟು,” ಎಂದ.

ಅವನನ್ನು ಕಾರಿನಲ್ಲಿ ರುಸೈಲಿಗೆ ಬಿಟ್ಟೆ. ಬೈದರೆ ಸಾಕು, ಒಂದು ಬಾರಿಸಿದರೂ ಸಾಕು ಎಂದು ದಾರಿಯುದ್ದಕ್ಕೂ ಕಾಯುತ್ತಿದ್ದೆ. ಕಾರ್ಖಾನೆಯ ಮುಂದೆ ಇಳಿದವನು ಕಿಟಕಿಯ ಬಳಿ ಬಗ್ಗಿ ನಿಂತ.

“ಅರ್ಜಿಯ ವಿಷಯ ತಂಗಿಗೆ ಹೇಳಬೇಡ. ಗೊತ್ತಾದ್ರೆ ಈ ಮದುವೆಯೇ ಬೇಡ ಅಂದಾಳು.”

ಅಷ್ಟು ಹೇಳಿ ಗೇಟು ತೆರೆದು ಒಳಗೆ ಹೋದ, ತನ್ನ ಕುರ್ಚಿಯಲ್ಲಿ ಕೂತ.